ಹೇಮಳ ಸೋಲುಗಳನ್ನು ಅಳಿಸಲು ಹೊರಟಿದ್ದು

ಆಗ ನನಗೆ ಎಪ್ಪತ್ತೊಂದು. ಎಂಟು ವರ್ಷದ ಹಿಂದಿನ ಮಾತು. ಎಪ್ಪತ್ತೊಂದು ಅನ್ನುವುದು ಆಧಾರ್ ಕಾರ್ಡಿನ ಲೆಕ್ಕ. ಹುಟ್ಟಿದ ದಿನ ಗೊತ್ತಿಲ್ಲ ಅಂದದ್ದಕ್ಕೆ ಕಂಪ್ಯೂಟರಿನವನು ನನ್ನ ಮುಖವನ್ನೊಮ್ಮೆ ನೋಡಿ ಜನವರಿ ಒಂದು ಅಂತ ಒತ್ತಿಬಿಟ್ಟ. ನಮ್ಮ ಬೀದಿಯ ಅರ್ಧ ಮುದುಕಿಯರು ಅವತ್ತೇ ಹುಟ್ಟಿದವರು. ನನ್ನ ವಿಷಯ ಸರ್ಕಾರದ ಹತ್ತಿರ ಇರುವುದು ಇಷ್ಟೇ, ಅದೂ ಸುಳ್ಳು. ನನ್ನ ಮೊಮ್ಮಗಳು ಹೇಮಳದು ಹಾಗಲ್ಲ. ಅವಳು ಟೆನಿಸ್ ಆಟವನ್ನೇ ಕಸುಬು ಮಾಡಿಕೊಂಡಿದ್ದವಳು. ಯಾವ ದೇಶದ ಯಾವ ಊರಿನಲ್ಲಿ ಯಾರ ಮೇಲೆ ಆಡಿದಳು, ಎಷ್ಟಕ್ಕೆ ಸೋತಳು ಎಂಬುದೆಲ್ಲ ಫೋನಿನಲ್ಲಿ ಹೆಸರು ಒತ್ತಿದರೆ ಬರುತ್ತದೆ. ಗಂಡನ ಕೈಲಿ ಏಟು ತಿಂದವಳ ಲೆಕ್ಕವನ್ನು ಯಾರೂ ಇಡುವುದಿಲ್ಲ. ಈ ಆಟದವರದ್ದು ಮಾತ್ರ ಒಂದು ಸೋಲನ್ನೂ ಬಿಡದೆ ಬರೆದಿಡುತ್ತಾರೆ. ಬರೆಯುವವರಿಗೆ ಬೇರೆ ಕೆಲಸವಿಲ್ಲ.

ಬಿಡದಿ ಹತ್ತಿರದ ಕಾರ್ಖಾನೆಯಲ್ಲಿ ನನ್ನ ಮಗ ಪುಟ್ಟಸ್ವಾಮಿಗೆ ಕೆಲಸವಿತ್ತು. ಅಲ್ಲಿ ಸಾಹೇಬರ ಮಕ್ಕಳು ಆಡುವ ಜಾಗದಲ್ಲಿ ಅವನ ಮಗಳೂ ಸೇರಿಕೊಂಡಳು, ಅವರನ್ನೆಲ್ಲ ಸೋಲಿಸಿದಳು. ಅದೇ ಎಡವಟ್ಟಾಯಿತು. ಅಲ್ಲೇ ಸೋತಿದ್ದರೆ ಟೀಚರ್ ಟ್ರೈನಿಂಗ್ ಮಾಡಿಕೊಂಡು ರಾಮನಗರದಲ್ಲೇ ಇರುತ್ತಿದ್ದಳು. ಹತ್ತು ವರ್ಷ ಈಜಿಪ್ಟು, ತಾಯ್ಲೆಂಡು ಅಂತ ತಿರುಗಿದಳು. ಫೋನು ಮಾಡಿದಾಗ ಗೆದ್ದೆಯಾ ಅಂತ ಮೊದಮೊದಲು ಕೇಳುತ್ತಿದ್ದೆ. ಆಮೇಲೆ ಉಂಡೆಯಾ ಅಂತ ಮಾತ್ರ ಕೇಳುತ್ತಿದ್ದೆ. ಸಾವಿನ ಮನೆಗೆ ಹೋದವರು ಚೆನ್ನಾಗಿದ್ದೀರಾ ಅಂತ ಕೇಳುತ್ತಾರೆಯೇ? ಗೆದ್ದದ್ದೂ ಉಂಟು. ಎರಡು ಸಲ ಬಹುಮಾನದ ಕಪ್ ತಂದಿದ್ದಾಳೆ. ಒಂದರಲ್ಲಿ ನನ್ನ ಸೊಸೆ ದೀಪದ ಬತ್ತಿ ಇಟ್ಟುಕೊಂಡಿದ್ದಾಳೆ. ಕೊನೆಗೆ ಮಂಡಿ ಹೋಯಿತು. ಒಂದು ಸಲ ಕೊಯ್ದರು, ಸರಿಹೋಗದೆ ಇನ್ನೊಂದು ಸಲ ಕೊಯ್ದರು. ಇಪ್ಪತ್ತೆಂಟಕ್ಕೆ ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದವಳು, ಊಟಕ್ಕೆ ಕರೆದಾಗ ಬಿಟ್ಟರೆ ಏಳುತ್ತಿರಲಿಲ್ಲ. ಹೆತ್ತವರಿಗೆ ತಿಳಿದ ಮದ್ದು ಒಂದೇ, ಮದುವೆ.

ಸೋಲೂರಿನಿಂದ ಹೆಣ್ಣು ನೋಡಲು ಬಂದರು. ಹುಡುಗನದು ದನದ ಹಿಂಡಿ ಬೂಸಾ ಅಂಗಡಿ. ಮಾತಾಡಿದ್ದೆಲ್ಲ ಅವನ ದೊಡ್ಡಪ್ಪ, ಹಾಲಿನ ಡೈರಿಯ ಸೆಕ್ರೆಟರಿ. ಯಾರ ಮನೆಯ ಹಾಲಿಗೆ ನೀರು ಬಿದ್ದಿದೆ ಎಂದು ದಿನಾ ಬೆಳಗ್ಗೆ ನಾಲ್ಕು ಜನರ ಮುಂದೆ ಕೂಗಿ ಅಭ್ಯಾಸವಾದ ಗಂಟಲು. ಉಪ್ಪಿಟ್ಟು ಮುಗಿಸಿ, ಕೈ ಒರೆಸಿಕೊಂಡು, ಫೋನು ತೆಗೆದು ಅದೇ ಗಂಟಲಿನಲ್ಲಿ ಓದತೊಡಗಿದರು. ಮೊದಲ ಸುತ್ತು, ಸೋಲು. ಮೊದಲ ಸುತ್ತು, ಸೋಲು. ಎರಡನೇ ಸುತ್ತು, ಸೋಲು. ಹೇಮ ಕಾಫಿ ತಟ್ಟೆ ಹಿಡಿದು ನಿಂತೇ ಇದ್ದಳು. ಕಾಲು ನೋಯುತ್ತದೆ, ಕೂರಲಿ ಎನ್ನುವ ಹಾಗೂ ಇಲ್ಲ. ಮಂಡಿಯ ವಿಷಯವನ್ನು ನನ್ನ ಮಗ ಅವರಿಗೆ ಹೇಳಿರಲಿಲ್ಲ. ಹುಡುಗ ಪಾಪ ನೆಲ ನೋಡುತ್ತಿದ್ದ.

"ಏನಮ್ಮ, ಗೆದ್ದಿದ್ಕಿಂತ ಸೋತಿದ್ದೇ ಜಾಸ್ತಿ ಐತಲ್ಲ?" ಅಂದರು ದೊಡ್ಡಪ್ಪ.

ಹೇಮ ತಟ್ಟೆ ಕೆಳಗಿಟ್ಟು ಅವರ ಫೋನಿನ ಮೇಲೆ ಬಗ್ಗಿದಳು. "ಕೊನೇದೊಂದು ನೀವು ಓದ್ಲೇ ಇಲ್ಲ ಸಾರ್. ಮಂಡಿ ಹೋಗಿ ಅರ್ಧಕ್ಕೇ ಬಿಟ್ಟಿದ್ದು. ಅದೂ ಸೋತಿದ್ದೇ, ಸೇರಿಸ್ಕೊಳ್ಳಿ."

ಸುಮ್ಮನಿರಬೇಕಾದ ಜಾಗದಲ್ಲಿ ಸುಮ್ಮನಿದ್ದು ನನಗೆ ಗೊತ್ತಿಲ್ಲ. "ನಿಮ್ಮ ಹುಡುಗಂದೂ ಹಿಂಗೇ ಬರ್ದಿಟ್ಟಿದ್ರೆ ಓದಿ ಸಾಮಿ, ನಾವೂ ಒಸಿ ಕೇಳ್ತೀವಿ" ಅಂದೆ. ಅವರು ಎದ್ದು ಹೋದರು. ಸಂಬಂಧ ಮುಗಿಯಿತು ಎಂದುಕೊಂಡು ಮಿಕ್ಕ ಉಪ್ಪಿಟ್ಟನ್ನು ನಾನೇ ತಿಂದೆ.

ಸಂಜೆ ಫೋನು ಬಂತು, ಹುಡುಗಿ ಒಪ್ಪಿಗೆಯಂತೆ. ಯಾರೂ ಕೇಳದೆಯೇ ತನ್ನ ಸೋಲನ್ನು ತಾನೇ ಹೇಳಿಕೊಳ್ಳುವವಳನ್ನು ನಂಬಿ ಗಲ್ಲಾದಲ್ಲಿ ಕೂರಿಸಬಹುದಂತೆ. ಮಂಡಿಯೂ ಪರವಾಗಿಲ್ಲ, ಅಂಗಡಿಯದು ಕೂತು ಮಾಡುವ ಕೆಲಸ. ಕರಾರು ಒಂದೇ: ಫೋನಿನಲ್ಲಿ ಇರುವುದನ್ನೆಲ್ಲ ಅಳಿಸಬೇಕು. ನಾಳೆ ನೆಂಟರಿಷ್ಟರು ಒತ್ತಿ ನೋಡಿದರೆ ಮನೆತನಕ್ಕೆ ಚೆನ್ನಾಗಿರುವುದಿಲ್ಲ. ಹೇಮಳೂ ಹೂಂ ಅಂದಳು. ನನ್ನ ಮಗ ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಗೆ ಓಡಿದ. ವೋಟರ್ ಲಿಸ್ಟಿನಿಂದ ಸತ್ತವರ ಹೆಸರು ತೆಗೆಸಿಕೊಡುವವನು ಅಲ್ಲಿದ್ದಾನೆ. ಇದನ್ನೂ ತೆಗೆಸುತ್ತಾನೆ ಎಂದು ಇವನ ನಂಬಿಕೆ. ಆ ಪುಣ್ಯಾತ್ಮ ಆಗಲ್ಲ ಅನ್ನಲಿಲ್ಲ. ಆಧಾರ್ ಕಾರ್ಡು, ಎರಡು ಫೋಟೋ ತನ್ನಿ ಎಂದು ಕಳಿಸಿದ.

ಅವನ್ನು ಹೇಮಳೇ ಎದ್ದು ಬೀರುವಿನಿಂದ ತೆಗೆದುಕೊಟ್ಟಳು. ಎಷ್ಟೋ ದಿನದ ಮೇಲೆ ತಾನಾಗಿ ಎದ್ದಿದ್ದು ಇದಕ್ಕೆ. ಹುಡುಗ ಹಿಡಿಸಿದನೇ ಎಂದು ಕೇಳಿದೆ.

"ಮುಖಾನೇ ನೋಡ್ಲಿಲ್ಲ ಕಣಜ್ಜಿ."

"ಮತ್ಯಾಕವ್ವ ಹೂಂ ಅಂದೆ?"

"ಅಳಿಸ್ಬುಡ್ತಾರಂತಲ್ಲ. ಅಳಿಸ್ಲಿ. ನಾನು ಆಡೇ ಇಲ್ಲ ಅಂತ ಆಗೋಗ್ಲಿ."

ಸತ್ತವರ ಹೆಸರನ್ನು ಮನೆಯವರು ಹೋಗಿ ತೆಗೆಸುತ್ತಾರೆ. ಬದುಕಿರುವವಳು ತಾನೇ ಫೋಟೋ ಹುಡುಕಿ ಕೊಡುವುದನ್ನು ನಾನು ನೋಡಿರಲಿಲ್ಲ. ಸೋತವರನ್ನು ಬೇಕಾದಷ್ಟು ಕಂಡಿದ್ದೇನೆ, ನಾನೂ ಅವರಲ್ಲೊಬ್ಬಳು. ಅವರೆಲ್ಲ ಬೆಳಗ್ಗೆ ಎದ್ದು ಬೈದುಕೊಂಡಾದರೂ ಕಸ ಗುಡಿಸುತ್ತಾರೆ. ಇವಳ ಮಾತಿಗೆ ಮಾತ್ರ ನನಗೆ ಹೆದರಿಕೆಯಾಯಿತು.

ಆ ಮದುವೆ ಆಗಲಿಲ್ಲ. ಹೇಮ ಈಗ ಚನ್ನಪಟ್ಟಣದಲ್ಲಿ ಮಕ್ಕಳಿಗೆ ಆಟ ಹೇಳಿಕೊಡುತ್ತಾಳೆ, ಕುಂಟಿಕೊಂಡು, ಬೈದುಕೊಂಡು. ಸುಖವಾಗಿದ್ದಾಳೆಯೇ ಎಂದು ನಾನು ಕೇಳಿಲ್ಲ, ಅವಳೂ ಹೇಳಿಲ್ಲ. ಮಗ ಇವತ್ತಿಗೂ ನನ್ನ ಜೊತೆ ನೆಟ್ಟಗೆ ಮಾತಾಡುವುದಿಲ್ಲ. ಎಲ್ಲ ನಾನು ಮಾಡಿದ ಕೆಲಸದಿಂದ.

ಅವಳು ಫೋಟೋ ತೆಗೆದುಕೊಟ್ಟ ಮಾರನೇ ಬೆಳಿಗ್ಗೆ ಯಾರಿಗೂ ಹೇಳದೆ ಮಾಗಡಿ ಬಸ್ಸು ಹತ್ತಿದೆ, ಅಲ್ಲಿಂದ ಇನ್ನೊಂದು ಹಿಡಿದು ಸೋಲೂರಿಗೆ ಹೋದೆ. ಹುಡುಗನ ತಾಯಿ ಕೊಟ್ಟಿಗೆ ಗುಡಿಸುತ್ತಿದ್ದಳು. ಹೆಣ್ಣು ಕೊಡಲ್ಲ ಕಣವ್ವ ಅಂದೆ. ಪೊರಕೆ ನಿಲ್ಲಿಸಿ ಯಾಕೆ ಎಂದಳು. ದಾರಿಯುದ್ದಕ್ಕೂ ಒಳ್ಳೊಳ್ಳೆ ಮಾತು ಜೋಡಿಸಿಕೊಂಡು ಹೋಗಿದ್ದೆ, ಒಂದೂ ಬಾಯಿಗೆ ಬರಲಿಲ್ಲ. "ಅಳಿಸಬಾರ್ದು ಅಂತ" ಅಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಗೆದ್ದು ಬರುತ್ತಿದ್ದೆ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಒಳಗೆ ಹೋಗಿ, ಬಿಸಿಲಲ್ಲಿ ಬಂದಿದ್ದೀರಿ ಎಂದು ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ತಲೆ ಬಗ್ಗಿಸಿಕೊಂಡು ಕುಡಿದು ಬಂದೆ.