ಹಿಂಬಾಗಿಲಿನ ಬೀಗ

ಸುರಕ್ಷತೆ, ಭದ್ರತೆ ಎರಡೂ ಒಂದೇ ಎಂದು ನಾನು ಬಹಳ ಕಾಲ ನಂಬಿದ್ದೆ. ಕನ್ನಡ ಶಾಲೆಯಲ್ಲಿ ಓದಿದವಳು. ಸಮಾನಾರ್ಥಕ ಪದ ಅಂದರೆ ಒಂದರ ಜಾಗದಲ್ಲಿ ಇನ್ನೊಂದು ಬರೆದರೂ ಮಾರ್ಕು ಸಿಗುತ್ತದೆಂದು ತಿಳಿದವಳು. ತೆಲುಗು ಸೀಮೆಯ ನಾಚಾರಂನ ಕಾರ್ಖಾನೆಗೆ ಸೇರಿದ ಮೇಲೆ ಅವು ಸವತಿಯರೆಂದು ಗೊತ್ತಾಯಿತು. ಸುರಕ್ಷತೆ ಹೇಳುತ್ತದೆ, ಬಾಗಿಲು ತೆರೆದಿರಲಿ, ಒಳಗಿನ ಜನ ಹೊರಗೆ ಓಡಬೇಕಾಗಬಹುದು. ಭದ್ರತೆ ಹೇಳುತ್ತದೆ, ಬಾಗಿಲು ಮುಚ್ಚಿರಲಿ, ಒಳಗಿನ ಮಾಲು ಹೊರಗೆ ಓಡಿಬಿಡಬಹುದು. ನಮ್ಮಲ್ಲಿ ಜನಕ್ಕೂ ಮಾಲಿಗೂ ಸೇರಿ ಇದ್ದದ್ದು ಒಂದೇ ಹಿಂಬಾಗಿಲು.

ಸೋಪು, ಶಾಂಪೂ ಸೀಸೆಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಬಿಸಿ ಮಷೀನಿನಲ್ಲಿ ಹಾಯಿಸಿ, ರಟ್ಟಿನ ಡಬ್ಬಿಗೆ ತುಂಬಿ ಕಳಿಸುವುದು ನಮ್ಮ ಕಾರ್ಖಾನೆಯ ಕೆಲಸ. ನಾನು ಅಲ್ಲಿ ಹಾಜರಿ, ರಜೆ ನೋಡಿಕೊಳ್ಳುವ ಹೆಂಗಸು. ಸೇಫ್ಟಿ ನೋಡಿಕೊಳ್ಳುತ್ತಿದ್ದ ಹುಡುಗ ಬೇರೆ ಕೆಲಸ ಸಿಕ್ಕಿ ಹೋದಾಗ ಮಾಲೀಕರು ನನ್ನನ್ನು ಕ್ಯಾಬಿನ್ನಿಗೆ ಕರೆದರು. "ಪದ್ಮಾ ಮೇಡಂ, ಮನೆಯಿಂದ ಹೊರಡುವಾಗ ಗ್ಯಾಸ್ ಆಫ್ ಮಾಡೋದು ಎಂದಾದರೂ ಮರೆತಿದ್ದೀರಾ?" ಎಂದು ತೆಲುಗಿನಲ್ಲಿ ಕೇಳಿದರು. ಇಲ್ಲ ಅಂದೆ. "ಸಾಕು," ಅಂದರು. ನನ್ನ ನೇಮಕಾತಿಯ ಸಂದರ್ಶನ ಅಲ್ಲಿಗೆ ಮುಗಿಯಿತು. ಒಂದು ಹಳದಿ ಹೆಲ್ಮೆಟ್ಟು ಕೊಟ್ಟರು. ಅದು ಗಂಡಸರ ಅಳತೆಯದು; ಹಾಕಿಕೊಂಡರೆ ಹುಬ್ಬಿನವರೆಗೆ ಇಳಿದು, ಮುಂದಿನ ಅಪಾಯ ಕಾಣುತ್ತಲೇ ಇರಲಿಲ್ಲ.

ಉಪ್ಪಲ್‌ನ ಮನೆಗೆ ಬಂದು ಸಂಭ್ರಮದಿಂದ ಸುದ್ದಿ ಹೇಳಿದರೆ ನಮ್ಮ ಯಜಮಾನರು ಪೇಪರ್ ಕೆಳಗಿಡಲಿಲ್ಲ. ಬೀದರದವರು, ಬ್ಯಾಂಕಿನಲ್ಲಿ ಇಡೀ ಆಯುಷ್ಯ ಕಳೆದವರು, ಯಾವುದನ್ನೂ ಸುಲಭಕ್ಕೆ ಮಂಜೂರು ಮಾಡುವವರಲ್ಲ. "ಅಲ್ಲ, ಬಚ್ಚಲದಾಗ ಜಾರಿ ಬಿದ್ದು ಸೊಂಟ ಹಿಡಕೊಂಡು ಕುಂತಾಕಿ ನೀನು. ನಿನ್ನ ಕೈಯಾಗ ಅಷ್ಟು ಮಂದಿ ಜೀವ ಕೊಟ್ಟಾರೇನು? ಪಗಾರ ಹೆಚ್ಚ ಮಾಡ್ಯಾರೇನು?" ಅಂದರು. ಮಾಡಿರಲಿಲ್ಲ. ಮಾತು ಬದಲಿಸಿ ಚಹಾ ಮಾಡಲು ಎದ್ದೆ.

ಭದ್ರತೆಯ ಕಡೆಯವರು ಸುಬೇದಾರ್ ಸಾಬ್. ಸೈನ್ಯದಿಂದ ನಿವೃತ್ತರಾಗಿ ನಮ್ಮ ಗೇಟು ಕಾಯುತ್ತಿದ್ದವರು. ಮೀಸೆ ಕೂಡ ಕವಾಯತು ಮಾಡುವಂತೆ ನಿಂತಿರುತ್ತಿತ್ತು. ಹಿಂದೊಮ್ಮೆ ಹಿಂಬಾಗಿಲಿನಿಂದ ಶಾಂಪೂ ಡಬ್ಬಿಗಳು ಕಳುವಾಗಿದ್ದರಿಂದ ಅದಕ್ಕೆ ಬೀಗ ಜಡಿದಿದ್ದರು. ನಾನು ಬೀಗ ತೆಗೆಯಿರಿ ಅಂದರೆ, "ಮೇಡಂ, ದರ್ವಾಜಾ ಖುಲಾ ರಖೇ ತೋ ಚೋರ್ ಮೇರೇಕು ಸಲಾಂ ಕರ್‌ಕೇ ಜಾತೇ," ಅನ್ನುವರು. ಬಾಗಿಲು ತೆರೆದಿಟ್ಟು ಕಳ್ಳರ ಸಲಾಮು ಸ್ವೀಕರಿಸಲು ಅವರಿಗೆ ಇಷ್ಟವಿರಲಿಲ್ಲ. ಜಗಳ ಮಾಲೀಕರ ತನಕ ಹೋಯಿತು. ಅವರು ಇಬ್ಬರದ್ದೂ ಸರಿ ಎಂದು ತೀರ್ಪು ಕೊಟ್ಟರು: ಬೀಗ ಇರಲಿ, ಪಕ್ಕದ ಗೋಡೆಯ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಕೀಲಿಯೂ ಇರಲಿ, ಬೆಂಕಿ ಬಿದ್ದರೆ ಗಾಜು ಒಡೆದು ತೆಗೆದುಕೊಳ್ಳಲಿ. ನಾನು ಗೆದ್ದೆ ಅಂದುಕೊಂಡೆ. ಸುಬೇದಾರರೂ ಹಾಗೇ ಅಂದುಕೊಂಡರು. ಇಬ್ಬರೂ ಗೆದ್ದ ಜಗಳದಲ್ಲಿ ಸೋತವರು ಯಾರೆಂದು ಇಬ್ಬರೂ ಕೇಳಲಿಲ್ಲ.

ಆಮೇಲೆ ತರಬೇತಿ. ಪ್ಯಾಕಿಂಗ್ ಹಾಲಿನ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಹೆಲ್ಮೆಟ್ಟನ್ನು ಹಿಂದಕ್ಕೆ ಸರಿಸುತ್ತಾ, "ಬೆಂಕಿ ಬಿದ್ದರೆ ಯಾರೂ ಓಡಬಾರದು, ಸಮಾಧಾನವಾಗಿ ನಡೆಯಬೇಕು," ಎಂದು ತೆಲುಗಿನಲ್ಲಿ ಹೇಳಿದೆ. ಶಾಂತಮ್ಮನಿಗೆ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದೆ. ನಾರಾಯಣಪೇಟೆ ಕಡೆಯವಳು, ಕನ್ನಡ ಮಾತಾಡುವ ಆಸೆಗೇ ನನ್ನ ಹತ್ತಿರ ರಜೆ ಕೇಳಲು ಬರುತ್ತಾಳೇನೋ ಅನ್ನಿಸುವಷ್ಟು ಮಾತುಗಾರ್ತಿ. "ಬೆಂಕಿ ಓಡಿ ಬಂದ್ರೂ ನಾವು ನಡೀಬೇಕೇನ್ರಿ ಮೇಡಂ?" ಅಂದಳು. ಎಲ್ಲರೂ ನಕ್ಕರು. ಅಧಿಕಾರದಲ್ಲಿರುವವರಿಗೆ ನಗು ಅಂದರೆ ಆಗದು. "ಹೌದು, ನಡೀಬೇಕು," ಎಂದು ಗಟ್ಟಿಯಾಗಿ ಹೇಳಿದೆ.

ಏಪ್ರಿಲ್‌ನ ಒಂದು ಮಧ್ಯಾಹ್ನ, ಊಟದ ಗಂಟೆ ಮುಗಿದ ಸ್ವಲ್ಪ ಹೊತ್ತಿಗೆ, ಮುಂಬಾಗಿಲ ಬದಿಯ ಬಿಸಿ ಮಷೀನಿನಲ್ಲಿ ಪ್ಲಾಸ್ಟಿಕ್ ಸಿಕ್ಕಿಕೊಂಡು ಹೊತ್ತಿತು. ಬೆಂಕಿ ಚಿಕ್ಕದು, ಹೊಗೆ ಮಾತ್ರ ಕಡು ಕಪ್ಪು. ಹಾಲಿನಲ್ಲೇ ಇದ್ದ ನಾನೂ ಸೇರಿ ಎಲ್ಲರೂ ಹಿಂಬಾಗಿಲಿಗೆ ನುಗ್ಗಿದೆವು. ಯಾರೋ ಗಾಜು ಒಡೆದು ಕೀಲಿಯನ್ನು ನನ್ನ ಕೈಗಿತ್ತರು. ನಾನು ಬೀಗಕ್ಕೆ ಹಾಕಿ ತಿರುಗಿಸಿದೆ. ತಿರುಗಲಿಲ್ಲ. ಮತ್ತೆ ತಿರುಗಿಸಿದೆ. ನೋಡಿದರೆ ಬೀಗವೇ ಹೊಸದು. ಆಮೇಲೆ ತಿಳಿದದ್ದು: ಕೀಲಿಯ ನಕಲು ಹೊರಗೆ ಹೋಗಿದೆಯೆಂಬ ಗುಮಾನಿಯಿಂದ ಬೀಗ ಬದಲಿಸಲು ಮಾಲೀಕರು ಹೇಳಿದ್ದರು, ಸುಬೇದಾರರು ಬದಲಿಸಿದ್ದರು. ಹೊಸ ಕೀಲಿ ಅವರ ಜೇಬಿನಲ್ಲಿ, ಅವರು ಮುಂದಿನ ಗೇಟಿನಲ್ಲಿ. ಜನ ತಿರುಗಿ ಹೊಗೆಯೊಳಗಿಂದಲೇ ಮುಂಬಾಗಿಲಿಗೆ ಓಡಿದರು. ಕೆಮ್ಮುತ್ತಾ ಹೊರಗೆ ಬಂದು ಬಿದ್ದ ನನಗೆ, ಶಾಂತಮ್ಮ ಇಲ್ಲ ಎಂಬ ಕೂಗು ಕೇಳಿಸಿತು. ಒದ್ದೆ ಟವಲ್ ಮುಖಕ್ಕೆ ಸುತ್ತಿಕೊಂಡು ಒಳಗೆ ಹೋಗಿ ಅವಳನ್ನು ಹೊತ್ತು ತಂದವರು ಸುಬೇದಾರ್ ಸಾಬ್.

ಬದುಕಿದಳು. ಕಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಲ್ಲಿ ನನ್ನನ್ನು ನೋಡಿ ಏಳಲು ಹೋದಳು. ನಾನು ಬೇಡ ಬೇಡ ಎಂದು ಮಲಗಿಸಿ, ಹೇಗಾಯಿತು ಎಂದು ಕೇಳಿದೆ. ಕೇಳಬಾರದಿತ್ತು. "ನೀವು ಹೇಳಿದಂಗ ನಾ ನಡಕೊಂತನ ಹೊಂಟಿದ್ದೆರಿ," ಅಂದಳು. "ಓಡೋರು ನನ್ನ ಮ್ಯಾಲ ಹಾದು ಹೋದ್ರು." ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ತಂದಿದ್ದ ಬಾಳೆಹಣ್ಣನ್ನು ಅವಳ ಹಾಸಿಗೆಯ ಮೇಲಿಟ್ಟು, ಅಲ್ಲಿಂದ ಜಾರೀತು ಅನ್ನಿಸಿ, ಪಕ್ಕದ ಸ್ಟೂಲಿಗೆ ಇಟ್ಟು, ಮತ್ತೆ ಹಾಸಿಗೆಗೆ ಇಟ್ಟೆ.

ಸರ್ಕಾರದ ಕಡೆಯಿಂದ ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಕ್ಯಾಬಿನ್ನಿನಲ್ಲಿ ಮಾಲೀಕರು ಗೋಡಂಬಿ ತಟ್ಟೆ ಅವರತ್ತ ತಳ್ಳುತ್ತಾ, "ಬಾಗಿಲಿತ್ತು, ಕೀಲಿಯಿತ್ತು, ತರಬೇತಿಯೂ ಆಗಿತ್ತು. ಹೆಂಗಸರು ಗಾಬರಿಯಾದರು, ಅಷ್ಟೇ," ಅಂದರು. ಅಧಿಕಾರಿ ನನ್ನ ಕಡೆ ತಿರುಗಿದರು. ಮಾಲೀಕರೂ ತಿರುಗಿದರು; ಅವರ ಮುಖದಲ್ಲಿ, ಗ್ಯಾಸ್ ಆಫ್ ಮಾಡಿದ್ದೀರಿ ತಾನೇ ಎಂಬ ಪ್ರಶ್ನೆಯಿತ್ತು. "ಕೀಲಿ ಹಳೇ ಬೀಗದ್ದು ಸಾರ್," ಅಂದೆ. "ಬೀಗ ಹೊಸದು. ಬದಲಿಸಿದ್ದು ನನಗೆ ಯಾರೂ ಹೇಳಿರಲಿಲ್ಲ." ಮೂಲೆಯಲ್ಲಿ ನಿಂತಿದ್ದ ಸುಬೇದಾರರು ನೆಲ ನೋಡುತ್ತಲೇ, "ಮೇಡಂ ಸಚ್ ಬೋಲ್ ರಹೇ," ಅಂದರು.

ಸತ್ಯದಿಂದ ಪ್ರಯೋಜನವೇ ಇಲ್ಲ ಅನ್ನಲಾರೆ. ಶಾಂತಮ್ಮ ತಾನೇ ಎಡವಿ ಬಿದ್ದಳು ಅನ್ನುತ್ತಿದ್ದ, ಪ್ಯಾಕಿಂಗ್ ಹೆಂಗಸರನ್ನು ಒದಗಿಸುವ ಕಂತ್ರಾಟುದಾರ ಬಾಯಿ ಮುಚ್ಚಿದ. ಶಾಂತಮ್ಮನದು ಕೆಲಸದ ಮೇಲಾದ ಗಾಯ ಎಂದು ಒಪ್ಪಿ ಚಿಕಿತ್ಸೆ ನಡೆಸಿದರು. ಈಗ ಕುಂಟುತ್ತಾ ಬಂದು, ಕೂತು ಮಾಡುವ ಕೆಲಸ ಮಾಡುತ್ತಾಳೆ. ಹಿಂಬಾಗಿಲಿಗೆ ಒಳಗಿನಿಂದ ತಳ್ಳಿದರೆ ತೆರೆಯುವ ಚಿಲಕ ಬಂತು. ಸುಬೇದಾರರ ಕೆಲಸ ಹೋಯಿತು. ಬೀಗ ಬದಲಿಸಲು ಹೇಳಿದವರ ಕೆಲಸ ಹೋಗುವಂಥದ್ದಲ್ಲ, ಕಾರ್ಖಾನೆ ಅವರದೇ.

ನನಗೆ ಬಡ್ತಿ ಸಿಕ್ಕಿತು. ಮನೆಯ ಹತ್ತಿರದ ನಾಚಾರಂನಿಂದ ಎತ್ತಿ, ನಗರದ ಇನ್ನೊಂದು ತುದಿಯ ಮೆಹದಿಪಟ್ಟಣಂ ಆಫೀಸಿಗೆ ಹಾಕುವುದನ್ನು ಹಾಗೆ ಕರೆಯುತ್ತಾರೆಂದು ಆಗ ತಿಳಿಯಿತು. "ಸತ್ಯ ಹೇಳಿದ್ದು ಛಲೋ ಆತು," ಅಂದರು ಯಜಮಾನರು, ಮೊದಲ ಸಲ ಪೇಪರ್ ಕೆಳಗಿಟ್ಟು. "ಇನ್ನ ಬಸ್ಸಿನ್ಯಾಗ ನಿಂತು ಹೋಗು." ಹೊಸ ಆಫೀಸು ಮೂರನೇ ಮಹಡಿಯಲ್ಲಿದೆ. ಇಳಿಯಲು ಇರುವುದೊಂದೇ ಮೆಟ್ಟಿಲಸಾಲು, ಅದರ ತುಂಬ ಮುರಿದ ಕುರ್ಚಿಗಳನ್ನು ಪೇರಿಸಿಟ್ಟಿದ್ದರು. ಇನ್ನು ಯಾವುದಕ್ಕೂ ಬಾಯಿ ಹಾಕುವುದಿಲ್ಲವೆಂದು ಬಸ್ಸಿನಲ್ಲೇ ಆಣೆ ಮಾಡಿದ್ದೆ. ಆದರೆ ಮ್ಯಾನೇಜರು ನಮಸ್ಕಾರ ಹೇಳುವ ಮೊದಲೇ, "ಈ ಕುರ್ಚಿ ತೆಗೆಸಿ," ಎಂದುಬಿಟ್ಟೆ. ಪುಣ್ಯಾತ್ಮ ತೆಗೆಸಿದರು. ಅವನ್ನಿಡಲು ಆಫೀಸಿನೊಳಗೆ ಬಿಟ್ಟು ಬೇರೆ ಜಾಗವಿರಲಿಲ್ಲ. ಹಾಗಾಗಿ ನನಗೆಂದು ತರಿಸಲಿದ್ದ ಹೊಸ ಕುರ್ಚಿ ರದ್ದಾಗಿ, ಅವುಗಳಲ್ಲೇ ಒಂದು ನನ್ನ ಪಾಲಿಗೆ ಬಂತು. ಅದರ ಒಂದು ಕಾಲು ಗಿಡ್ಡ. ಸುರಕ್ಷತೆಯ ದೃಷ್ಟಿಯಿಂದ ಅಲುಗಾಡದೆ ಕೂತು ಇದನ್ನು ಬರೆಯುತ್ತಿದ್ದೇನೆ.