ಡೊಟ್ಸೆ ಮೇಷ್ಟ್ರು ಅಳಿಸಿದ ದನಿ

ಮಕ್ಕಳಾಟದ ಹಳೇ ಕಂಪ್ಯೂಟರ್ ಯಾವುದೇ ಕೈಗೆ ಸಿಗಲಿ, ಡೊಟ್ಸೆ ಮೇಷ್ಟ್ರು ಅದರ ಹಣೆಬರಹ ಅಳಿಸಿ ಬೇರೆ ಬರೆಯದೆ ಬಿಡುತ್ತಿರಲಿಲ್ಲ. ಹೊರದೇಶದ ಮಕ್ಕಳು ಆಡಿ ಬೇಸತ್ತು ಬಿಸಾಡಿದ ಇಂಥ ಆಟಿಕೆಗಳು ಅಕ್ರಾ ಹತ್ತಿರದ ತೇಮಾ ಬಂದರಿನಲ್ಲಿ ಇಳಿದು, ಹಳೇ ಚಪ್ಪಲಿ, ಹಳೇ ಇಸ್ತ್ರಿಪೆಟ್ಟಿಗೆಗಳ ಜೊತೆ ಹೋ ಎಂಬ ಪಟ್ಟಣದ ಸಂತೆಗೆ ಬಂದು ಬೀಳುತ್ತಿದ್ದವು. ಬಾತುಕೋಳಿ ಮೂತಿಯದೊಂದು, ಕರಡಿ ಕಿವಿಯದೊಂದು. ಗುಂಡಿ ಒತ್ತಿದರೆ ಹಸು ‘ಅಂಬಾ’ ಅನ್ನುವುದು, ಇನ್ನೊಂದು ಒತ್ತಿದರೆ ಯಾವುದೋ ಹೆಂಗಸು ಮಗ್ಗಿ ಹೇಳುವುದು. ಮೇಷ್ಟ್ರು ಹಿಂಬದಿಯ ತಿರುಪು ಬಿಚ್ಚಿ, ಒಳಗಿನ ಹಸು, ಕುದುರೆ, ಮಗ್ಗಿಯನ್ನೆಲ್ಲ ತೊಳೆದುಹಾಕಿ, ಲಿನಕ್ಸ್ ಎಂಬ ದೊಡ್ಡವರ ಸಿಸ್ಟಮ್ಮನ್ನು ಅದರಲ್ಲಿ ಕೂರಿಸುತ್ತಿದ್ದರು. ಕೊನೆಗೆ ಅಂಗೈಯಗಲದ ಪರದೆ ಕಪ್ಪಾಗಿ, ಮೂಲೆಯಲ್ಲೊಂದು ಬಿಳಿ ಗೆರೆ ಮಿಣಮಿಣ ಅನ್ನುತ್ತಿತ್ತು. ಅದನ್ನು ನೋಡಿದರೆ ಅವರಿಗೆ ಚೊಚ್ಚಲ ಮೊಮ್ಮಗ ಕಣ್ಣುಬಿಟ್ಟಷ್ಟು ಸಂತೋಷ.

“ಆ ಹಸು ಪಾಡಿಗೆ ಅದು ಅಂಬಾ ಅಂತಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?” ಎಂದು ಹೆಂಡತಿ ಎನ್ಯೋನಾಮ್ ಪ್ರತಿ ಸಲವೂ ಕೇಳುತ್ತಿದ್ದಳು. ಶಾಲೆಯಲ್ಲಿ ನಲವತ್ತು ಮಕ್ಕಳಿಗೆ ಇರುವುದು ಮೂರೇ ಕಂಪ್ಯೂಟರ್, ಇವೂ ಸೇರಿದರೆ ಹನ್ನೆರಡಾಗುತ್ತವೆ ಎಂದು ಮೇಷ್ಟ್ರು ಲೆಕ್ಕ ಒಪ್ಪಿಸುತ್ತಿದ್ದರು. ಅದು ಅರ್ಧ ನಿಜ. ಉಳಿದರ್ಧ ಬರೀ ಚಪಲ.

ಆ ಶನಿವಾರ ಬೆಳಿಗ್ಗೆ ಮೇಷ್ಟ್ರು ಗಂಜಿ ಕುಡಿಯುತ್ತ ಕೂತಿದ್ದಾಗ ಪಕ್ಕದ ಮನೆಯ ಡ್ಜಿಫಾ ಬಂದಳು. ಹ್ಯಾಂಬರ್ಗಿನಲ್ಲಿ ದಾದಿ ಕೆಲಸದಲ್ಲಿರುವ ಅವಳು ಬಂದು ಎರಡು ದಿನವಾಗಿತ್ತು. ತಂದೆ ಅಗ್ಬೆಕೋ, ನಿವೃತ್ತ ಪೋಸ್ಟ್‌ಮಾಸ್ಟರು, ತೀರಿಕೊಂಡು ಅವತ್ತಿಗೆ ಒಂದು ವರ್ಷ. ಮೂರು ಗಂಟೆಗೆ ಪ್ರಾರ್ಥನೆ, ಆಮೇಲೆ ಊಟ. ಅಂಗಳದಲ್ಲಿ ಆಗಲೇ ಶಾಮಿಯಾನ ಎದ್ದಿತ್ತು.

ಡ್ಜಿಫಾ ದನಿ ತಗ್ಗಿಸಿದಳು. “ಮೇಷ್ಟ್ರೇ, ನನ್ನ ಮಗ ಎಡೆಮ್‌ನ ಕಿತ್ತಳೆ ಬಣ್ಣದ ಆಟದ ಕಂಪ್ಯೂಟರು ನಿಮ್ಮತ್ರ ಇದೆಯಂತೆ? ಅದರಲ್ಲಿ ಅಪ್ಪನ ದನಿ ಇದೆ. ಹೋದ ಸಲ ಬಂದಾಗ ತಾತನ ಕೈಲಿ ಏನೋ ಹೇಳಿಸಿ ಹಿಡಿದಿಟ್ಟು, ಇಲ್ಲೇ ಬಿಟ್ಟುಬಂದಿದ್ದನಂತೆ, ಮೊನ್ನೆ ಫೋನಲ್ಲಿ ಹೇಳಿದ. ಇವತ್ತು ಎಲ್ಲರ ಮುಂದೆ ಕೇಳಿಸೋಣ ಅಂತ. ಅಮ್ಮಂಗೆ ಮುಂಚೆ ಗೊತ್ತಾಗೋದು ಬೇಡ, ಒಮ್ಮೆಗೇ ಕೇಳಿ ಸಂತೋಷಪಡ್ಲಿ.”

ಮೇಷ್ಟ್ರು ಗಂಜಿಯ ಬಟ್ಟಲನ್ನು ಕೆಳಗಿಟ್ಟರು. ಆ ಆಟಿಕೆಯನ್ನು ಡ್ಜಿಫಾಳ ತಾಯಿ ಅಮೆಯೋ ಅಮ್ಮನೇ ಮಂಗಳವಾರ ತಂದುಕೊಟ್ಟು ಹೋಗಿದ್ದರು. ಮಂಗಳವಾರ ಸಂಜೆಯೊಳಗೆ ಅದರ ಹಸುವೂ ಹೋಗಿತ್ತು, ಕುದುರೆಯೂ ಹೋಗಿತ್ತು. ಜೊತೆಗೆ ಪೋಸ್ಟ್‌ಮಾಸ್ಟರೂ ಹೋಗಿದ್ದರೆಂದು ಈಗ ತಿಳಿಯಿತು. ಅಳಿಸಿಬಿಟ್ಟೆ ಎಂದು ಅಲ್ಲೇ ಹೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಡ್ಜಿಫಾಳ ಕಣ್ಣಂಚಿನಲ್ಲಿ ನೀರಿತ್ತು. “ಇದೆ ಇದೆ, ಮೂರು ಗಂಟೆಗೆ ತರ್ತೀನಿ” ಎಂದುಬಿಟ್ಟರು.

ಅವಳು ಹೋದ ಮೇಲೆ ತಲೆ ಮೇಲೆ ಕೈಹೊತ್ತು ಕೂತರು. ಸತ್ತವರು ಬಿಟ್ಟುಹೋಗುವುದೇ ಇಷ್ಟು. ಒಂದಷ್ಟು ಬಟ್ಟೆ, ಒಂದು ಕನ್ನಡಕ, ಪುಣ್ಯವಿದ್ದರೆ ಒಂದು ದನಿ. ಅದನ್ನು ತಾವು ಹಸುವಿನ ಜೊತೆ ತೊಳೆದುಹಾಕಿಬಿಟ್ಟಿದ್ದರು. ತಿಂಗಳಿಗೊಮ್ಮೆ ಬೇಲಿಯಾಚೆಯಿಂದ ಬಗ್ಗಿ, “ಹೊಸದೇನು ಮೇಷ್ಟ್ರೇ?” ಎಂದು ಕೇಳುತ್ತಿದ್ದ ಮನುಷ್ಯ ಅಗ್ಬೆಕೋ.

ಆಮೇಲೆ ಥಟ್ಟನೆ ನೆನಪಾಯಿತು. ಯಾವುದನ್ನು ಅಳಿಸುವ ಮುಂಚೆಯೂ ಮೇಷ್ಟ್ರು ಅದರ ನಕಲನ್ನು ಒಂದು ಮೆಮೊರಿ ಕಾರ್ಡಿಗೆ ಇಳಿಸಿಕೊಳ್ಳುತ್ತಿದ್ದರು. ಕಾರ್ಡುಗಳನ್ನು ಹಾಕಿಡುವ ಬಿಸ್ಕತ್ತಿನ ಡಬ್ಬಿ ಸುರಿದು ಹುಡುಕಿದರು. ಆ ಒಂದು ಕಾರ್ಡು ಮಾತ್ರ ಇರಲಿಲ್ಲ.

“ಗುರುವಾರ ಮೊಬೈಲ್ ಅಂಗಡಿಯ ಎಲಿಕೆಮ್ ಬಂದು ಒಂದು ಕಾರ್ಡು ಕೇಳಿದಾಗ, ಕೈಗೆ ಸಿಕ್ಕಿದ್ದು ಕೊಟ್ರಲ್ಲ” ಎಂದಳು ಎನ್ಯೋನಾಮ್, ಮೀನು ಹೆಚ್ಚುತ್ತ. “ನೋಡ್ಕೊಂಡು ಕೊಡಿ ಅಂದಿದ್ದೆ.”

ಎದುರುಮನೆಯ ದರ್ಜಿ ಸೆಡೋ ಹೊಲಿಗೆಯಂತ್ರ ತುಳಿಯುತ್ತಲೇ ಇದಷ್ಟನ್ನೂ ಕೇಳಿಸಿಕೊಂಡಿದ್ದ. ಪರರ ಸಂಕಟಕ್ಕೆ ಸೆಡೋ ಯಾವತ್ತೂ ತಡಮಾಡಿದವನಲ್ಲ. ಯಾರದೋ ಪ್ಯಾಂಟನ್ನು ಒಂಟಿಕಾಲಲ್ಲೇ ಬಿಟ್ಟು ಬೈಕು ತೆಗೆದ. ಇಬ್ಬರೂ ಎಲಿಕೆಮ್‌ನ ಮೊಬೈಲ್ ಅಂಗಡಿಗೆ ಹೋಗುವಷ್ಟರಲ್ಲಿ, ದಾರಿಯಲ್ಲಿ ಸಿಕ್ಕ ನಾಲ್ವರಿಗೆ ಸೆಡೋ ಬೈಕು ನಿಲ್ಲಿಸದೆಯೇ ಸುದ್ದಿ ಮುಟ್ಟಿಸಿದ್ದ.

ಎಲಿಕೆಮ್ ತಣ್ಣಗೆ ಹೇಳಿದ. ಕಾರ್ಡಿನಲ್ಲಿದ್ದುದನ್ನು ಅಳಿಸಿ, ಹನ್ನೆರಡು ಭಕ್ತಿಗೀತೆ ತುಂಬಿ, ಹೊಹೊಯೆ ಊರಿನ ದಾರಿಯಲ್ಲಿ ಟ್ರೊಟ್ರೊ ಎಂಬ ಬಾಡಿಗೆ ವ್ಯಾನು ಓಡಿಸುವ ಯಾವೋ ಎಂಬವನಿಗೆ ಕೊಟ್ಟಾಗಿದೆ.

“ಏನಿದೆ ಅಂತ ನೋಡದೆ ಅಳಿಸಿಬಿಟ್ಯಾ?” ಎಂದರು ಮೇಷ್ಟ್ರು.

“ನೀವು ನೋಡ್ತೀರಾ ಮೇಷ್ಟ್ರೇ?” ಎಂದ ಎಲಿಕೆಮ್.

ನಿಲ್ದಾಣದಲ್ಲಿ ಯಾವೋನ ವ್ಯಾನು ಎರಡು ಸೀಟು ಖಾಲಿ ಎಂದು ಮುಕ್ಕಾಲು ಗಂಟೆಯಿಂದ ನಿಂತಿತ್ತು. ಒಳಗಿನವರು ಬೆವರಿನಲ್ಲಿ ಬೆಂದುಹೋಗಿದ್ದರು. ಮೇಷ್ಟ್ರೂ ಸೆಡೋನೂ ಕಾರ್ಡು ಕೇಳಲು ಬಾಗಿಲೊಳಗೆ ತಲೆ ಹಾಕಿದ್ದೇ ತಡ, ಯಾರೋ ಕೈಹಿಡಿದು ಒಳಗೆಳೆದರು, ಯಾರೋ ಬಾಗಿಲು ಜಗ್ಗಿದರು, ವ್ಯಾನು ಹೊರಟೇಬಿಟ್ಟಿತು. ನಾವು ಪ್ರಯಾಣಿಕರಲ್ಲ ಎಂದು ಮೇಷ್ಟ್ರು ಎಷ್ಟು ಹೇಳಿದರೂ, ಕೂತ ಮೇಲೆ ಪ್ರಯಾಣಿಕರೇ ಎಂದು ಹಿಂದಿನ ಸೀಟಿನ ಹೆಂಗಸು ತೀರ್ಪು ಕೊಟ್ಟಳು. ಅವಳ ಮಡಿಲಲ್ಲಿದ್ದ ಎರಡು ಗಿನಿಕೋಳಿಗಳೂ ಹೌದೆನ್ನುವಂತೆ ಕತ್ತು ಆಡಿಸಿದವು.

ಭಕ್ತಿಗೀತೆ ಕಿವಿ ಹರಿಯುವಂತೆ ಹೊಡೆಯುತ್ತಿತ್ತು. ಕಾರ್ಡು ಕೊಡಲು ಯಾವೋ ಒಪ್ಪಲಿಲ್ಲ. ಹಾಡು ನಿಂತರೆ ತನಗೆ ತೂಕಡಿಕೆ ಬರುತ್ತದೆ, ತೂಕಡಿಕೆ ಬಂದರೆ ಎಲ್ಲರೂ ಪೋಸ್ಟ್‌ಮಾಸ್ಟರ್ ಅಗ್ಬೆಕೋ ಅವರನ್ನು ಖುದ್ದಾಗಿಯೇ ನೋಡಬಹುದು ಎಂದ. ವ್ಯಾನಿನಲ್ಲಿ ಪಂಚಾಯಿತಿ ಕೂಡಿತು. ಸತ್ತವರ ದನಿ ದೊಡ್ಡದು ಎಂದು ಒಂದು ಸಾಲು, ಬದುಕಿರುವವರ ಜೀವ ದೊಡ್ಡದು ಎಂದು ಇನ್ನೊಂದು ಸಾಲು. ಕೊನೆಗೆ ಗಿನಿಕೋಳಿಯ ಹೆಂಗಸು ದಾರಿ ತೋರಿಸಿದಳು: ಕಾರ್ಡು ತೆಗೆದುಕೊಳ್ಳಲಿ, ಆದರೆ ಮುಂದಿನ ಕವಲುದಾರಿಯವರೆಗೂ ಅವರಿಬ್ಬರೇ ಹಾಡಲಿ.

ಮೇಷ್ಟ್ರು ಹಾಡಿದರು. ಸೆಡೋ ಅವರಿಗಿಂತ ಅರ್ಧ ಸಾಲು ಹಿಂದೆ, ಎರಡು ಸ್ವರ ಮೇಲೆ ಹಾಡಿದ. ಚರ್ಚಿನಲ್ಲಿ ಕಲಿತದ್ದು ನಾಲ್ಕನೇ ಮೈಲಿಗೇ ಮುಗಿದುಹೋಗಿ, ಮೇಷ್ಟ್ರು ಮಗ್ಗಿಗೆ ರಾಗ ಹಚ್ಚಿದರು. ಯಾವೋಗೆ ನಿದ್ದೆ ಬರಲಿಲ್ಲ. ಅಂಥ ಹಾಡಿಗೆ ಬಾವಿಯ ಕಪ್ಪೆಗೂ ನಿದ್ದೆ ಬರುವಂತಿರಲಿಲ್ಲ. ಕವಲುದಾರಿಯಲ್ಲಿ ಇಳಿದಾಗ ಜನ ಚಪ್ಪಾಳೆ ಹೊಡೆದರು. ಮೆಚ್ಚಿಗೆಗೋ, ಬಿಡುಗಡೆಗೋ ತಿಳಿಯಲಿಲ್ಲ.

ವಾಪಸು ಬರಲು ಒಂದು ಇದ್ದಿಲು ಲಾರಿ ಬಿಟ್ಟರೆ ಬೇರೇನೂ ಸಿಗಲಿಲ್ಲ. ಮೂಟೆಗಳ ಮೇಲೆ ಕೂತು ಬರುವಾಗ, ಅಂಗೈಯಲ್ಲಿ ಬೆರಳುಗುರಿನಷ್ಟಿದ್ದ ಆ ಕಾರ್ಡನ್ನು ಬಿಗಿಹಿಡಿದು, ಮೇಷ್ಟ್ರು ಇನ್ನು ಮುಂದೆ ಯಾವ ಆಟಿಕೆಯನ್ನೂ ಮುಟ್ಟುವುದಿಲ್ಲ ಎಂದು ಆಣೆಯಿಟ್ಟರು. ಸೆಡೋ ನಂಬಲಿಲ್ಲ. ತಾನೂ ಹೀಗೇ ಎಷ್ಟೋ ಸಲ ಹೆಂಡ ಬಿಟ್ಟಿದ್ದೇನೆ ಎಂದ.

ಮನೆಗೆ ಬಂದಾಗ ಎರಡು ದಾಟಿತ್ತು. ಕಾರ್ಡಿನಲ್ಲಿ ಅಳಿಸಿಹೋದದ್ದನ್ನು ಕೆದಕಿ ತೆಗೆಯುವ ಉಪಾಯ ಮೇಷ್ಟ್ರಿಗೆ ಗೊತ್ತಿತ್ತು, ಆದರೆ ಹನ್ನೆರಡು ಹಾಡುಗಳು ಎಲ್ಲೆಲ್ಲಿ ಕೂತಿವೆಯೋ ಅಲ್ಲಲ್ಲಿದ್ದ ಹಳೆಯದು ಹೋದ ಹಾಗೇ. ಕುದುರೆಯ ಕೆನೆತ ಅರ್ಧ ಸಿಕ್ಕಿತು. ಮಗ್ಗಿ ಎರಡೇಳಲಿ ಹದಿನಾಲ್ಕರವರೆಗೆ ಬಂದು ನಿಂತಿತು. ಹೊರಗಿನಿಂದ ಡ್ಜಿಫಾ ಕೂಗತೊಡಗಿದಳು, ಪಾದ್ರಿಗಳು ಬಂದಾಯಿತು ಎಂದು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಸಣ್ಣ ಸ್ಪೀಕರಿನಲ್ಲಿ ಯಾರೋ ಕೆಮ್ಮಿದರು. “ಕೆಂಪು ಗುಂಡಿ ಒತ್ತಿದ್ಯಾ ಮರಿ?” ಎಂದಿತು ಪೋಸ್ಟ್‌ಮಾಸ್ಟರ ದನಿ.

ಮೇಷ್ಟ್ರು ಅತ್ತುಬಿಟ್ಟರು. ಎನ್ಯೋನಾಮ್ ಕೂಡ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಮುಂದೆ ಕೇಳಲು ಪುರುಸೊತ್ತಿರಲಿಲ್ಲ. ದನಿಯನ್ನು ಕಿತ್ತಳೆ ಆಟಿಕೆಯೊಳಗಿನ ತಮ್ಮ ಸಿಸ್ಟಮ್ಮಿಗೆ ಏರಿಸಿಕೊಂಡು, ಇದ್ದಿಲು ಹತ್ತಿದ ಅಂಗಿಯಲ್ಲೇ ಓಡಿದರು.

ಪ್ರಾರ್ಥನೆ ಮುಗಿದು ಊಟ ನಡೆಯುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಗಳ ತುಂಬ ಬಿಳಿ ಕಪ್ಪು ಬಟ್ಟೆಯವರು, ಎಲ್ಲರ ತೊಡೆಯ ಮೇಲೂ ಅಕ್ಪ್ಲೆ ಮುದ್ದೆ, ಬೆಂಡೆಕಾಯಿ ಸಾರಿನ ಬಟ್ಟಲು. ಸಾರು ಅಮೆಯೋ ಅಮ್ಮನದೇ. ಗಂಡನ ಕಾರ್ಯಕ್ಕೆ ಬೇರೆಯವರ ಕೈಲಿ ಅಡಿಗೆ ಮಾಡಿಸಲು ಅವರು ಒಪ್ಪಿರಲಿಲ್ಲ. ಡ್ಜಿಫಾ ಎದ್ದುನಿಂತು, ಅಪ್ಪ ಒಂದು ಮಾತು ಹೇಳುತ್ತಾರೆ ಎಂದಳು. ಆಟಿಕೆಯನ್ನು ಕಂಡದ್ದೇ ಅಮೆಯೋ ಅಮ್ಮ ಅರ್ಧ ಎದ್ದರು. ಸಂತೋಷಕ್ಕೆ ಎಂದುಕೊಂಡ ಮೇಷ್ಟ್ರು, ಕಪ್ಪು ಪರದೆಯ ಮೇಲೆ ಎರಡು ಪದ ಕುಟ್ಟಿ, ಧ್ವನಿವರ್ಧಕಕ್ಕೆ ಹಿಡಿದರು.

“ಕೆಂಪು ಗುಂಡಿ ಒತ್ತಿದ್ಯಾ ಮರಿ? ಹಾಂ. ಗುಟ್ಟು ಹೇಳ್ತೀನಿ, ಅಜ್ಜಿಗೆ ಹೇಳಬಾರ್ದು. ಮಧ್ಯಾಹ್ನ ಪಿಂಚಣಿ ಕಚೇರೀಲಿ ಕೆಲಸ ಇದೆ ಅಂತ ಹೋಗ್ತೀನಲ್ಲ, ನಾನು ಹೋಗೋದು ಅಫಿಯ ಹೋಟ್ಲಿಗೆ. ನಿಮ್ಮಜ್ಜಿ ಸಾರಿಗೆ ಉಪ್ಪು ಹಾಕಲ್ಲ ಕಣೋ. ಮದುವೆಯಾದ ಮೊದಲ್ನೇ ದಿನ, ಹೊಸ ಹುಡುಗಿ, ಬೇಜಾರಾದೀತು ಅಂತ ಚೆನ್ನಾಗಿದೆ ಅಂದ್ಬಿಟ್ಟೆ. ನಲವತ್ತೊಂದು ವರ್ಷ ಆಯ್ತು. ಈಗ ಹೆಂಗೆ ಹೇಳ್ಲಿ?”

ಆಟಿಕೆಯೊಳಗಿಂದ ಮಗುವೊಂದು ಕಿಲಕಿಲ ನಕ್ಕಿತು. ದನಿ ಅಲ್ಲಿಗೆ ಮುಗಿಯಿತು.

ನೂರು ಬಟ್ಟಲುಗಳ ಮೇಲೆ ನೂರು ಕೈ ನಿಂತವು. ಮೂರನೇ ಸಾಲಿನಲ್ಲಿದ್ದ ಹೋಟೆಲಿನ ಅಫಿ ತನ್ನ ಸಾರಿನಲ್ಲಿ ಏನೋ ಬಿದ್ದಿದೆಯೆಂಬಂತೆ ಬಗ್ಗಿ ನೋಡತೊಡಗಿದಳು. ಪಾದ್ರಿಗಳು ಕೆಮ್ಮಿ ನಗು ನುಂಗಲು ನೋಡಿದರು, ಆಗಲಿಲ್ಲ. ಆಮೇಲೆ ಶಾಮಿಯಾನ ಹಾರಿಹೋಗುವಂತೆ ಎಲ್ಲರೂ ನಕ್ಕರು. ಅಮೆಯೋ ಅಮ್ಮ ಸದ್ದಿಲ್ಲದೆ ಎದ್ದು ಅಡಿಗೆಮನೆಗೆ ಹೋದರು.

ಮೇಷ್ಟ್ರು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತರು. ಇದರಲ್ಲಿ ಇದಿದೆ ಎಂದು ಗೊತ್ತಿರಲಿಲ್ಲ ಎಂದರು.

“ನಂಗೆ ಗೊತ್ತಿತ್ತು” ಎಂದರು ಅಮೆಯೋ ಅಮ್ಮ. “ಅವ್ರು ಹೋದ ಮೂರನೇ ತಿಂಗಳು, ಧೂಳು ಒರೆಸ್ತಾ ಇದ್ದೆ, ಗುಂಡಿ ಒತ್ತಿಹೋಯ್ತು. ಆಮೇಲೆ ದಿನಾ ಒಂದ್ಸಲ ಕೇಳ್ತಿದ್ದೆ. ಕೇಳಿದ್ರೆ ಹೊಟ್ಟೆ ಉರಿಯೋದು, ಕೇಳ್ದಿದ್ರೆ ಮನೆ ಬಿಕೋ ಅನ್ನೋದು. ಎಸೆಯೋಣ ಅಂದ್ರೆ ಅವ್ರ ದನಿ, ಕೈ ಬರಲಿಲ್ಲ. ಕೈಗೆ ಸಿಕ್ಕಿದ್ದೆಲ್ಲ ಅಳಿಸಿಹಾಕೋರು ಈ ಊರಲ್ಲಿ ನೀವೊಬ್ರೇ. ಡ್ಜಿಫಾ ಬರೋದ್ರೊಳಗೆ ಮುಗೀಲಿ ಅಂತ ಕೊಟ್ಟೆ. ವಾಪಸ್ ತನ್ನಿ ಅಂತ ನಾನು ಕೇಳಿದ್ನಾ ಮೇಷ್ಟ್ರೇ?”

ಮೇಷ್ಟ್ರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಬೆಳಿಗ್ಗೆಯಿಂದ ಅಳಿಸಿದ್ದಕ್ಕೆ ಕೊರಗಿದ್ದರು, ಈಗ ಅಳಿಸಿದ್ದನ್ನು ಹಾಗೇ ಬಿಡಲಿಲ್ಲವಲ್ಲ ಎಂದು ಕೊರಗಬೇಕಾಯಿತು. ಈಗಲೇ, ಅವರ ಕಣ್ಣೆದುರೇ, ಬೇರು ಸಮೇತ ಅಳಿಸುತ್ತೇನೆ ಎಂದು ಆಟಿಕೆಯ ಮೇಲೆ ಬೆರಳಿಟ್ಟರು.

ಅಷ್ಟರಲ್ಲಿ ಡ್ಜಿಫಾ ಫೋನು ಹಿಡಿದು, ನಗುತ್ತಲೋ ಅಳುತ್ತಲೋ ಒಳಗೆ ಬಂದಳು. ಅಪ್ಪನ ಮಾತನ್ನು ಅವಳು ಫೋನಿನಲ್ಲಿ ಹಿಡಿದುಕೊಂಡು ಹ್ಯಾಂಬರ್ಗ್, ಲೋಮೆ, ಅಕ್ರಾದ ನೆಂಟರಿಗೆಲ್ಲ ಕಳಿಸಿಯಾಗಿತ್ತು. ಅವರು ಅವರ ನೆಂಟರಿಗೆ ಕಳಿಸುತ್ತಿದ್ದರು. ಅಕ್ರಾದ ಚಿಕ್ಕಪ್ಪ ಅತ್ತಿಗೆಗೆಂದು ಒಂದು ಚೀಲ ಉಪ್ಪು ಕಳಿಸುತ್ತೇನೆ ಎಂದು ಬರೆದಿದ್ದರಂತೆ.

ಮೇಷ್ಟ್ರು ಬೆರಳು ಹಿಂದಕ್ಕೆ ತೆಗೆದುಕೊಂಡರು.

ಅಮೆಯೋ ಅಮ್ಮ ಒಂದು ಬಟ್ಟಲು ತೊಳೆದು, ಮುದ್ದೆ ಇಟ್ಟು, ಸಾರು ಬಡಿಸಿ, ಕೂತ್ಕೊಳ್ಳಿ ಎಂದು ಸ್ಟೂಲು ತೋರಿಸಿದರು. ಬೆಳಿಗ್ಗೆಯ ಗಂಜಿಯ ಮೇಲೆ ಏನೂ ಬೀಳದ ಹೊಟ್ಟೆ. ಮೇಷ್ಟ್ರು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟರು. ಉಪ್ಪಿನ ಒಂದು ಹರಳೂ ಇರಲಿಲ್ಲ. ಅಮೆಯೋ ಅಮ್ಮ ಎದುರಿಗೇ ನಿಂತು ಅವರ ಮುಖ ನೋಡುತ್ತಿದ್ದರು.

“ಉಪ್ಪು ಸರಿಯಾಗಿದ್ಯಾ?”

ಮೇಷ್ಟ್ರು ತುತ್ತು ನುಂಗಿದರು. “ಸರಿಯಾಗಿದೆ ಅಮ್ಮಾ. ಚೆನ್ನಾಗಿದೆ.”

“ಅವ್ರೂ ಹಿಂಗೇ ಅಂತಿದ್ರು” ಎಂದು ಅಮೆಯೋ ಅಮ್ಮ ಬಟ್ಟಲಿಗೆ ಇನ್ನೊಂದು ಸೌಟು ಸುರಿದರು.