ಅಶ್ವತ್ಥ ಎರಡು ಸಲ ಪ್ರಮಾಣ ಮಾಡಿದ್ದು

ಗೊರವನಹಳ್ಳಿಯ ಟೀ ಅಂಗಡಿ ಪುಟ್ಟಕ್ಕನಿಗೆ ಮಂಡಿನೋವು ಇಲ್ಲದಿದ್ದರೆ ಮಿಲಿಟರಿ ಕೋರ್ಟು ಮಧುಗಿರಿಗೆ ಬರುತ್ತಲೇ ಇರಲಿಲ್ಲ. ಸೇನೆಯ ಡ್ರೈವರೊಬ್ಬ ಯಾರಿಗೂ ಹೇಳದೆ ಟ್ರಕ್ಕನ್ನು ಗೊರವನಹಳ್ಳಿಗೆ ತಿರುಗಿಸಿ, ಅವಳ ಅಂಗಡಿಯ ತಗಡು ಕೆಡವಿದ್ದ. ಸಾಕ್ಷಿ ಬೆಂಗಳೂರಿಗೆ ಬರಲಾರಳು ಎಂದಾಗ ಕೋರ್ಟೇ ಒಂದು ದಿನದ ಮಟ್ಟಿಗೆ ಮಧುಗಿರಿಯ ಕಲ್ಯಾಣ ಮಂಟಪವೊಂದರಲ್ಲಿ ಬಂದು ಕೂತಿತು.

ಕರ್ನಲ್ ಸಾಹೇಬರಿಗೆ ಕನ್ನಡ ಬಾರದು, ಪುಟ್ಟಕ್ಕನಿಗೆ ಹಿಂದಿ ಬಾರದು. ದುಭಾಷಿಯ ಕೆಲಸ ಮೊದಲು ಬಂದದ್ದು ನಿವೃತ್ತ ಸುಬೇದಾರ್ ನಾಗಲಿಂಗಯ್ಯನವರಿಗೆ. ಅವರು ಅದನ್ನು ಹಿಂದಿ ಮೇಷ್ಟ್ರು ಅಶ್ವತ್ಥನಿಗೆ ದಾಟಿಸಿದರು. ಮಗಳು ಯಶಸ್ವಿನಿಯನ್ನು ಅವನಿಗೆ ಕೊಡಲು ಅರ್ಧ ಮನಸ್ಸು ಮಾಡಿದ್ದರು, ಉಳಿದರ್ಧ ಅವನ ಧೈರ್ಯ ನೋಡಿಕೊಂಡು.

"ನೋಡಪ್ಪ, ಮಿಲಿಟರೀಲಿ ಸುಳ್ಳು ನಡ್ಯಾಕಿಲ್ಲ. ಇವತ್ತು ನನ್ನ ಮಾನ ಉಳ್ಸು, ಶುಕ್ರವಾರ ತಾಂಬೂಲ ಬದಲಾಯ್ಸಣ," ಎಂದರು.

ಯಶಸ್ವಿನಿ ಎಂದರೆ ಅಶ್ವತ್ಥನಿಗೆ ಪ್ರಾಣ. ಭಾವಿ ಮಾವನವರ ಮಾತು ಕೇಳಿ ಬೆಳಿಗ್ಗೆಯೇ ಮಿಲಿಟರಿ ಕಟಿಂಗ್ ಮಾಡಿಸಿಕೊಂಡ. ಕಿವಿಗಳೆರಡೂ ಮೊರದ ಹಾಗೆ ಎದ್ದು ನಿಂತವು. ಮನೆ ಓನರಮ್ಮ ಅರ್ಧ ಗಂಟೆ ಸೆಲ್ಯೂಟ್ ಹೊಡೆಸಿ, ಕೈ ಸರಿಯಿಲ್ಲ ಎಂದು ಬೈದು ಕಳಿಸಿದರು.

ಕೇಸು ಯಾವುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮಂಟಪದೊಳಗೆ ಕಾಲಿಟ್ಟು ಆರೋಪಿಯ ಮುಖ ನೋಡಿದವನೇ ಒಂದು ಹೆಜ್ಜೆ ಹಿಂದೆ ಸರಿದ. ಹೋದ ತಿಂಗಳು ಬಸ್ಸು ತಪ್ಪಿ ರಸ್ತೆಯಲ್ಲಿ ಕೈ ಅಡ್ಡ ಹಾಕಿದಾಗ, ಹತ್ತಿಸಿಕೊಂಡು ಗೊರವನಹಳ್ಳಿಗೆ ಬಿಟ್ಟಿದ್ದ ಪುಣ್ಯಾತ್ಮ ಅವನೇ.

ಆರೋಪಿಯ ಪರಿಚಯವಿದೆಯೇ ಎಂದು ಕರ್ನಲ್ ಕೇಳಿದರು. ಇದೆ ಎಂದರೆ ಕೆಲಸ ಹೋಗುತ್ತದೆ, ಅದರ ಹಿಂದೆಯೇ ಹುಡುಗಿಯೂ. ಹಿಂದಿನ ಸಾಲಿನಲ್ಲಿ ನಾಗಲಿಂಗಯ್ಯ ಮೀಸೆ ತಿರುವುತ್ತ ಕೂತಿದ್ದರು. ಅಶ್ವತ್ಥ ಇಲ್ಲ ಎಂದುಬಿಟ್ಟ. ಈ ದುಭಾಷಿಯ ಬಗ್ಗೆ ಆಕ್ಷೇಪವಿದೆಯೇ ಎಂದು ಆರೋಪಿಯನ್ನು ಕೇಳಿದಾಗ, ಅವನು ಅಶ್ವತ್ಥನನ್ನೇ ನೋಡಿ ನಕ್ಕು, ಏನೇನೂ ಇಲ್ಲ ಎಂದ. ಅಶ್ವತ್ಥ ಕೇಳಿದ್ದನ್ನು ಕೇಳಿದ ಹಾಗೇ ಭಾಷಾಂತರಿಸುವುದಾಗಿ ದೇವರ ಮೇಲೆ ಪ್ರಮಾಣ ಮಾಡಿದ.

ಪುಟ್ಟಕ್ಕ ಬಂದು ಕುರ್ಚಿಯಲ್ಲಿ ಕೂತಳು. ತಗಡು ಬಿದ್ದದ್ದು, ಹಾಲು ಚೆಲ್ಲಿದ್ದು ಎಲ್ಲ ಸಲೀಸಾಗಿ ಹಿಂದಿಗೆ ಹೋಯಿತು. ಟ್ರಕ್ಕಿನಲ್ಲಿ ಬೇರೆ ಯಾರಾದರೂ ಇದ್ದರೇ ಎಂದು ಕೇಳಿದಾಗ ಅವಳು ಕನ್ನಡಕ ಸರಿಮಾಡಿಕೊಂಡಳು.

"ಇದ್ದ ಕಣಪ್ಪ. ಲೇ, ನೀನೇ ಅಲ್ವೇನ್ಲಾ ಕೆಳಗಿಳ್ದು, ಬರ್ಲಿ ಬರ್ಲಿ ಅಂತ ರಿವರ್ಸ್ ತಗ್ಸಿದ್ದು?"

ಅಶ್ವತ್ಥ ತೊದಲುತ್ತ, ಒಬ್ಬ ಇದ್ದನಂತೆ ಎಂದ. ಪುಟ್ಟಕ್ಕ ಬೊಟ್ಟು ಮಾಡಿ ಅವನನ್ನೇ ತೋರಿಸುತ್ತಿದ್ದಳು. ಬೊಟ್ಟಿಗೆ ಭಾಷಾಂತರ ಬೇಕಿರಲಿಲ್ಲ.

ಕರ್ನಲ್ ಅವನನ್ನು ದುಭಾಷಿಯ ಕೆಲಸದಿಂದ ತೆಗೆದು, ಸಾಕ್ಷಿಯ ಕುರ್ಚಿಯಲ್ಲಿ ಕೂರಿಸಿ, ಸತ್ಯವನ್ನೇ ಹೇಳುವುದಾಗಿ ಮತ್ತೊಂದು ಪ್ರಮಾಣ ಮಾಡಿಸಿದರು. ಅವನು ಕಲಿತ ಹಿಂದಿಯೆಲ್ಲ ಗಾಬರಿಗೆ ಆವಿಯಾಗಿ ಬಾಯಲ್ಲಿ ಬರೀ ಕನ್ನಡ ಉಳಿದಿತ್ತು. ಹೊಸ ದುಭಾಷಿ ಬೇಕಾಯಿತು. ಹಿಂದಿನ ಸಾಲಿನಿಂದ ನಾಗಲಿಂಗಯ್ಯ ಎದ್ದು ಬಂದು, ಅಟೆನ್ಷನ್‌ನಲ್ಲಿ ನಿಂತು ಪ್ರಮಾಣ ಸ್ವೀಕರಿಸಿದರು.

ಗೊರವನಹಳ್ಳಿಗೆ ಏಕೆ ಹೋಗಿದ್ದೆ ಎಂಬುದು ಪ್ರಶ್ನೆ. ಬೆಳಗಿನಿಂದ ಒಂದು ಸುಳ್ಳು ಹೇಳಿಯೇ ಇಷ್ಟಾಗಿತ್ತು. ಇನ್ನೊಂದು ಹೇಳಿದರೆ ಜೈಲೇ ಗತಿ.

"ನಮ್ಮ ಸೋದರಮಾವ ಬಲವಂತ ಮಾಡುದ್ರು. ಇಲ್ಲಿ ನಿಮ್ದು ಇನ್ನೂ ಪಕ್ಕಾ ಆಗಿರ್ಲಿಲ್ವಲ್ಲ, ಅದುಕ್ಕೆ ಅಲ್ಲೊಂದು ಹೆಣ್ಣು ನೋಡಕ್ಕೆ ಹೋಗಿದ್ದೆ."

ನಾಗಲಿಂಗಯ್ಯನವರ ಮೀಸೆ ಒಂದು ಸಲ ಅದುರಿತು. ಆದರೂ ಮಾಡಿದ ಪ್ರಮಾಣಕ್ಕೆ ತಪ್ಪದೆ, ಅಕ್ಷರ ಬಿಡದೆ ಹಿಂದಿಯಲ್ಲಿ ಒಪ್ಪಿಸಿದರು.

ಕರ್ನಲ್ ಸಾಹೇಬರಿಗೆ ಕುತೂಹಲ ಹುಟ್ಟಿತು. ಹೆಣ್ಣಿನ ಕಡೆಯವರು ಒಪ್ಪಿದರೇ ಎಂದು ಕೇಳಿದರು.

"ಒಪ್ಪಲಿಲ್ಲ," ಎಂದ ಅಶ್ವತ್ಥ, ಅದರಿಂದಲಾದರೂ ಮಾವನವರಿಗೆ ಸಮಾಧಾನವಾದೀತೆಂದು ಅವರ ಮುಖ ನೋಡುತ್ತ.

ನಾಗಲಿಂಗಯ್ಯ ಅವನ ಕಡೆ ತಿರುಗಲಿಲ್ಲ. ಎದೆ ಸೆಟೆಸಿ ಕರ್ನಲ್ ಸಾಹೇಬರಿಗೆ ಹಿಂದಿಯಲ್ಲಿ ವರದಿ ಮಾಡಿದರು: "ಎರಡೂ ಕಡೆ ಹೆಣ್ಣಿನವರು ಒಪ್ಪಲಿಲ್ಲ, ಸಾಬ್."

ಅದು ತಪ್ಪು ಭಾಷಾಂತರವೆಂದು ಆ ಮಂಟಪದಲ್ಲಿ ಹೇಳಿದವರನ್ನು ಬಿಟ್ಟರೆ ಗೊತ್ತಾದದ್ದು ಅಶ್ವತ್ಥನೊಬ್ಬನಿಗೆ.